ಇಂಜಿನ್ ತಣ್ಣಗಿದ್ದರೆ ಒಳ್ಳೆಯದಲ್ವಾ?

ಪ್ರಶ್ನೆ: ಸರ್, ನನ್ನದು ಹಳೆಯ ಆರು ಸಿಲಿಂಡರ್ ಲಾರಿ. ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ಕಾಫಿ ಲೋಡ್ ಹಾಕಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುತ್ತೇನೆ. ಮೊದಲೆಲ್ಲ ಹೀಟ್ ಮೀಟರಿನ ಮುಳ್ಳು ಮಧ್ಯಕ್ಕೆ ಬಂದು ನಿಲ್ಲುತ್ತಿತ್ತು. ಈಗ ಕಾಲು ಭಾಗ ದಾಟುವುದೇ ಇಲ್ಲ. ಬೆಳಿಗ್ಗೆ ಬಿಳಿ ಹೊಗೆ ತುಂಬಾ ಹೊತ್ತು ಬರುತ್ತೆ, ಡೀಸೆಲ್ಲೂ ಜಾಸ್ತಿ ಕುಡಿಯುತ್ತಿದೆ. ಗ್ಯಾರೇಜಿನವರು 'ತಣ್ಣಗಿದ್ದರೆ ಒಳ್ಳೆಯದೇ, ಸೀಜ್ ಆಗಲ್ಲ, ಸುಮ್ನೆ ಓಡಿಸಿ' ಅಂತಾರೆ. ಇನ್ನೊಬ್ಬರು ರೇಡಿಯೇಟರಿಗೆ ಅಡ್ಡ ರಟ್ಟು ಕಟ್ಟಿ ಅಂದರು. ಏನು ಮಾಡಲಿ?
— ಲಾರಿ ಮಾಲೀಕರು, ಸಕಲೇಶಪುರ

ಉತ್ತರ: ಸುಮ್ನೆ ಓಡಿಸಬೇಡಿ. ಇಂಜಿನ್ ಕುದಿಯುವುದು ಹೇಗೆ ದೋಷವೋ, ಬಿಸಿಯಾಗದೇ ಇರುವುದೂ ಹಾಗೇ ದೋಷ. ಕುದಿದರೆ ಅವತ್ತೇ ಗೊತ್ತಾಗುತ್ತೆ, ಗಾಡಿ ನಿಲ್ಲುತ್ತೆ. ಇದು ಗೊತ್ತಾಗುವುದು ಲೈನರ್ (ಸಿಲಿಂಡರಿನ ಒಳಗೋಡೆ) ಸವೆದು ಆಯಿಲ್ ಸುಡಲು ಶುರುವಾದ ಮೇಲೆ.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿದಾಗ ಬರುವ ಬಿಸಿಯಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಸಿಲಿಂಡರಿನ ಗೋಡೆ ತಣ್ಣಗಿದ್ದರೆ ಆ ಬಿಸಿಯನ್ನು ಅದು ಎಳೆದುಕೊಳ್ಳುತ್ತೆ, ಒಂದಷ್ಟು ಡೀಸೆಲ್ ಉರಿಯದೇ ಉಳಿಯುತ್ತೆ. ನೀವು ನೋಡುತ್ತಿರುವ ಬಿಳಿ ಹೊಗೆ ಅದೇ. ಹೊಗೆಯಾಗಿ ಹೋಗದೆ ಉಳಿದಿದ್ದು ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದುಕೊಂಡು, ರಿಂಗ್ ಸಂದಿಯಲ್ಲಿ ಇಳಿದು ಇಂಜಿನ್ ತಳದ ಚೇಂಬರಿನ ಆಯಿಲ್ ಸೇರುತ್ತೆ, ಆಯಿಲ್ ತೆಳ್ಳಗಾಗುತ್ತೆ. ಇನ್ನೊಂದು, ಡೀಸೆಲ್ ಉರಿದಾಗ ನೀರಿನ ಹಬೆಯೂ ಹುಟ್ಟುತ್ತೆ. ಇಂಜಿನ್ ಬಿಸಿಯಿದ್ದರೆ ಆ ಹಬೆ ಹೊರಗೆ ಹೋಗುತ್ತೆ, ತಣ್ಣಗಿದ್ದರೆ ಒಳಗೇ ಹನಿಗಟ್ಟಿ, ಗಂಧಕದ ಅಂಶದ ಜೊತೆ ಸೇರಿ ಆಮ್ಲವಾಗುತ್ತೆ. ಒಮ್ಮೆ ಡಿಪ್ ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ಮೂಸಿ ನೋಡಿ. ಡೀಸೆಲ್ ವಾಸನೆ ಬಂದರೆ, ಅಥವಾ ಆಯಿಲ್ ಮಟ್ಟ ತಾನಾಗಿಯೇ ಮೇಲೇರಿದ್ದರೆ, ತಡ ಮಾಡಬೇಡಿ.

ಆದರೆ ಸಾಮಾನು ತರುವ ಮೊದಲು ಪರೀಕ್ಷೆ ಮಾಡಿ. ಎಲ್ಲಕ್ಕಿಂತ ಮೊದಲು, ಇಂಜಿನ್ ಪೂರ್ತಿ ತಣ್ಣಗಾಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೀರು ಎಷ್ಟಿದೆ ನೋಡಿ. ಇದನ್ನು ಯಾಕೆ ಮೊದಲು ಹೇಳುತ್ತಿದ್ದೇನೆ ಅಂದರೆ, ನೀರು ಕಡಿಮೆಯಾಗಿ ಬಿಸಿ ಅಳೆಯುವ ಸೆನ್ಸರ್ ಗಾಳಿಯಲ್ಲಿ ನಿಂತಿದ್ದರೆ ಮುಳ್ಳು ತಣ್ಣಗೆ ತೋರಿಸುತ್ತಲೇ ಇರುತ್ತೆ, ಒಳಗೆ ಹೆಡ್ ಕಾದು ಬಿರುಕು ಬಿಡುತ್ತಿರುತ್ತೆ. ಮುಳ್ಳು ಕೆಳಗಿದೆ ಅಂತ ಧೈರ್ಯವಾಗಿ ಘಾಟಿ ಹತ್ತಿದರೆ ಕಥೆ ಮುಗಿಯಿತು.

ನೀರು ಸರಿ ಇದೆಯಾ? ಹಾಗಾದರೆ ಮುಳ್ಳು ನಿಜ ಹೇಳುತ್ತಿದೆಯಾ ನೋಡಬೇಕು. ನಿಮ್ಮಂಥ ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಸೆನ್ಸರಿಗೆ ಒಂದೇ ವೈರ್ ಇರುತ್ತೆ. ಆ ವೈರ್ ಸಡಿಲವಾದರೂ ತುಂಡಾದರೂ ಮುಳ್ಳು ಕೆಳಗೇ ಬೀಳುತ್ತೆ. ಕೀ ಆನ್ ಮಾಡಿ, ವೈರ್ ಕಳಚಿ, ಇಂಜಿನ್ ಬ್ಲಾಕಿಗೆ ಒಂದು ಕ್ಷಣ ಮುಟ್ಟಿಸಿ. ಮುಳ್ಳು ಪೂರ್ತಿ ಮೇಲಕ್ಕೆ ಹೋದರೆ ವೈರೂ ಮೀಟರೂ ಸರಿ ಇವೆ. ಮೇಲೇಳದಿದ್ದರೆ ದೋಷ ಇಂಜಿನ್ನಿನಲ್ಲೇ ಇದೆ ಅಂತ ಹೇಳುವ ಹಾಗಿಲ್ಲ, ಮೊದಲು ವೈರ್ ಸರಿಮಾಡಿ. ಎರಡು ವೈರಿನ ಸೆನ್ಸರ್ ಇರುವ ಹೊಸ ಗಾಡಿಗಳಲ್ಲಿ ಮಾತ್ರ ಈ ಕೆಲಸ ಖಂಡಿತ ಮಾಡಬೇಡಿ. ಇನ್‌ಫ್ರಾರೆಡ್ ಗನ್ (ದೂರದಿಂದಲೇ ಬಿಸಿ ಅಳೆಯುವ ಸಾಧನ) ಸಿಕ್ಕರೆ ಇನ್ನೂ ಒಳ್ಳೆಯದು. ಗಾಡಿ ಓಡಿಸಿ ತಂದು ಥರ್ಮೋಸ್ಟಾಟ್ (ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಕೂರುವ ಜಾಗಕ್ಕೆ ಹಿಡಿಯಿರಿ. ಹೊಳೆಯುವ ಅಲ್ಯುಮಿನಿಯಂ ಮೇಲೆ ಗನ್ ತಪ್ಪು ತೋರಿಸುತ್ತೆ, ಆದ್ದರಿಂದ ಅಲ್ಲಿ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದಕ್ಕೆ ಹಿಡಿಯಿರಿ. 80ರಿಂದ 95 ಡಿಗ್ರಿ ಒಳಗಿದ್ದರೆ ಇಂಜಿನ್ ಸರಿ ಇದೆ, ಮೀಟರೋ ಸೆನ್ಸರೋ ಕೆಟ್ಟಿದೆ. 60ರ ಸುತ್ತಮುತ್ತ ಇದ್ದರೆ ಇಂಜಿನ್ ನಿಜಕ್ಕೂ ತಣ್ಣಗಿದೆ.

ನಿಮ್ಮ ಬಿಳಿ ಹೊಗೆ, ಡೀಸೆಲ್ ಖರ್ಚು ಎರಡನ್ನೂ ನೋಡಿದರೆ ನಿಜಕ್ಕೂ ತಣ್ಣಗೇ ಇರಬೇಕು ಅಂತ ನನ್ನ ಅಂದಾಜು. ಹಾಗಿದ್ದರೆ ಮೊದಲ ಅನುಮಾನ ಥರ್ಮೋಸ್ಟಾಟ್ ವಾಲ್ವ್ ಮೇಲೆ. ಅದರೊಳಗೆ ಮೇಣ ಇರುತ್ತೆ. ಬಿಸಿಗೆ ಮೇಣ ಕರಗಿ ಹಿಗ್ಗಿ ವಾಲ್ವ್ ತೆರೆಯುತ್ತೆ, ಆರಿದರೆ ಸ್ಪ್ರಿಂಗ್ ಮುಚ್ಚುತ್ತೆ. ತುಕ್ಕೋ ಬೋರ್‌ವೆಲ್ ನೀರಿನ ಸುಣ್ಣವೋ ಕೂತು ತೆರೆದೇ ನಿಂತುಬಿಟ್ಟರೆ, ನೀರು ಸ್ಟಾರ್ಟ್ ಮಾಡಿದ ಕ್ಷಣದಿಂದಲೇ ರೇಡಿಯೇಟರಿಗೆ ಓಡುತ್ತೆ. ಪತ್ತೆ ಮಾಡುವುದು ಸುಲಭ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಫ್ಯಾನಿಗೆ ಬಟ್ಟೆ ಸಿಗದ ಹಾಗೆ ನಿಂತು, ರೇಡಿಯೇಟರಿನ ಮೇಲಿನ ಹೋಸನ್ನು ಆಗಾಗ ಮುಟ್ಟಿ ನೋಡಿ. ವಾಲ್ವ್ ಸರಿ ಇದ್ದರೆ ಹೋಸ್ ತುಂಬಾ ಹೊತ್ತು ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಕೈ ಇಡಲಾಗದಷ್ಟು ಬಿಸಿಯಾಗುತ್ತೆ. ಮೊದಲಿನಿಂದಲೇ ಇಂಜಿನ್ ಜೊತೆ ನಿಧಾನಕ್ಕೆ ಬೆಚ್ಚಗಾಗುತ್ತಾ ಹೋದರೆ ವಾಲ್ವ್ ಮುಚ್ಚುತ್ತಿಲ್ಲ. ಅಥವಾ ವಾಲ್ವೇ ಇಲ್ಲ!

ಹೌದು, ಬಿಚ್ಚಿ ನೋಡಿದರೆ ಒಳಗೆ ಖಾಲಿ ಇರುವ ಗಾಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಎಂದೋ ಒಮ್ಮೆ ಕುದಿದಿರುತ್ತೆ, 'ನಮ್ಮ ಬಿಸಿಲಿಗೆ ಇದೆಲ್ಲ ಯಾಕೆ' ಅಂತ ಯಾರೋ ತೆಗೆದು ಎಸೆದಿರುತ್ತಾರೆ. ಇದು ನನಗೆ ನಿಜಕ್ಕೂ ಬೇಜಾರು ತರಿಸುವ ವಿಷಯ. ಯಾಕಂದರೆ ಬಹಳಷ್ಟು ಲಾರಿ ಇಂಜಿನ್ನುಗಳಲ್ಲಿ ಈ ವಾಲ್ವಿಗೆ ಎರಡು ಕೆಲಸ. ರೇಡಿಯೇಟರ್ ದಾರಿ ತೆರೆಯುವಾಗಲೇ ಅದು ಬೈಪಾಸ್ ದಾರಿಯನ್ನು ಮುಚ್ಚುತ್ತೆ. ವಾಲ್ವ್ ತೆಗೆದರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತೆ, ಒಂದಷ್ಟು ಬಿಸಿನೀರು ರೇಡಿಯೇಟರಿಗೆ ಹೋಗದೇ ಇಂಜಿನ್ನಿಗೇ ವಾಪಸ್ ಬರುತ್ತೆ. ಅಂದರೆ ಸಮತಟ್ಟು ರಸ್ತೆಯಲ್ಲಿ ತಣ್ಣಗೆ ಓಡುವ ಅದೇ ಗಾಡಿ ಲೋಡ್ ಹೊತ್ತು ಘಾಟಿ ಹತ್ತುವಾಗ ಕುದಿಯಬಹುದು. ಯಾವುದನ್ನು ತಪ್ಪಿಸಲು ತೆಗೆದರೋ ಅದೇ ಬಂತು.

ವಾಲ್ವ್ ಬಿಚ್ಚಿದರೆ ಬಿಸಾಡುವ ಮೊದಲು ಒಂದು ಪಾತ್ರೆ ನೀರಿನಲ್ಲಿ, ತಳಕ್ಕೆ ತಾಗದಂತೆ, ದಾರ ಕಟ್ಟಿ ಇಳಿಬಿಡಿ. ದಾರದ ತುದಿಯನ್ನು ವಾಲ್ವಿನ ಬಾಯಿಗೇ ಸಿಕ್ಕಿಸಿದರೆ ಇನ್ನೂ ಚೆನ್ನ, ತೆರೆದ ಕ್ಷಣ ಅದು ಕಳಚಿ ಬೀಳುತ್ತೆ. ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ವಾಲ್ವಿನ ಮೇಲೆ 82 ಅಂತಲೋ 83 ಅಂತಲೋ ಅಚ್ಚು ಇರುತ್ತೆ. ಅದು ತೆರೆಯಲು ಶುರುವಾಗುವ ಡಿಗ್ರಿ. ಅದಕ್ಕಿಂತ ತುಂಬಾ ಮೊದಲೇ ತೆರೆದರೆ, ಅಥವಾ ಆರಿದ ಮೇಲೂ ಬೆಳಕು ಕಾಣುವಷ್ಟು ಸಂದಿ ಉಳಿದರೆ ಹೊಸದು ಹಾಕಿ. ಸಕಲೇಶಪುರದ ಎತ್ತರದಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತೆ, ಥರ್ಮಾಮೀಟರ್ 100 ತೋರಿಸಲಿಲ್ಲ ಅಂತ ಗಾಬರಿ ಬೇಡ. ಹೊಸದನ್ನು ಕೂರಿಸುವಾಗ ಸಣ್ಣ ತೂತು, ಅದರಲ್ಲಿ ಅಲ್ಲಾಡುವ ಪಿನ್ ಇದ್ದರೆ, ಅದು ಮೇಲಕ್ಕೆ ಬರಲಿ, ಗಾಳಿ ಅಲ್ಲಿಂದಲೇ ಹೋಗಬೇಕು. ಗ್ಯಾಸ್ಕೆಟ್ ಹೊಸದೇ ಇರಲಿ. ಕಂಪನಿ ಹೇಳಿದ ಕೂಲೆಂಟ್ (ರೇಡಿಯೇಟರಿಗೆ ಹಾಕುವ ದ್ರವ) ಹಾಕಿ. ಇಂಜಿನ್ ಆಯಿಲ್, ಫಿಲ್ಟರ್ ಎರಡನ್ನೂ ಬದಲಾಯಿಸಿ. ಡೀಸೆಲ್ ಬೆರೆತ ಆಯಿಲ್ ಇಟ್ಟುಕೊಂಡು ವಾಲ್ವ್ ಮಾತ್ರ ಬದಲಿಸಿದರೆ ಅರ್ಧ ಕೆಲಸ ಮಾಡಿದ ಹಾಗೆ.

ವಾಲ್ವ್ ಸರಿ ಇದ್ದೂ ತಣ್ಣಗಿದ್ದರೆ ಫ್ಯಾನ್ ನೋಡಿ. ವಿಸ್ಕಸ್ ಕ್ಲಚ್ (ಬಿಸಿ ನೋಡಿಕೊಂಡು ಫ್ಯಾನ್ ವೇಗ ಬದಲಿಸುವ ಕ್ಲಚ್) ಇರುವ ಫ್ಯಾನ್ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಜೋರಾಗಿ ಸದ್ದು ಮಾಡಿ ಆಮೇಲೆ ಸುಮ್ಮನಾಗಬೇಕು. ಇಡೀ ದಿನ ಅದೇ ಸದ್ದಿದ್ದರೆ ಕ್ಲಚ್ ಜಾಮ್ ಆಗಿದೆ. ಆದರೂ ವಾಲ್ವ್ ಸರಿಯಾಗಿ ಮುಚ್ಚುತ್ತಿದ್ದರೆ ಫ್ಯಾನ್ ಒಂದರಿಂದಲೇ ಇಂಜಿನ್ ಇಷ್ಟು ತಣ್ಣಗಾಗುವುದು ಕಡಿಮೆ.

ರಟ್ಟು ಬೇಡ. ಸೊನ್ನೆಗಿಂತ ಕೆಳಗೆ ಇಳಿಯುವ ಊರುಗಳ ಮಾತು ಬೇರೆ. ಇಲ್ಲಿ ರಟ್ಟು ಕಟ್ಟಿದರೆ ಮುಳ್ಳು ಮೇಲೇರುತ್ತೆ ಅಷ್ಟೇ, ದೋಷ ಅಲ್ಲೇ ಉಳಿಯುತ್ತೆ. ಟರ್ಬೊ ಗಾಡಿಯಲ್ಲಿ ರೇಡಿಯೇಟರ್ ಮುಂದೆ ಇಂಟರ್‌ಕೂಲರ್ (ಇಂಜಿನ್ನಿಗೆ ಹೋಗುವ ಗಾಳಿಯನ್ನು ತಣ್ಣಗಾಗಿಸುವ ಜಾಲರಿ) ಇದ್ದರೆ ಅದಕ್ಕೂ ಗಾಳಿ ಸಿಗಲ್ಲ. ಅಂದಹಾಗೆ, ಶಿರಾಡಿ ಇಳಿಯುವಾಗ ಎಕ್ಸಾಸ್ಟ್ ಬ್ರೇಕ್ (ಹೊಗೆ ದಾರಿ ಮುಚ್ಚಿ ವೇಗ ತಗ್ಗಿಸುವ ಬ್ರೇಕ್) ಹಿಡಿದು ಬಂದರೆ ಡೀಸೆಲ್ ಉರಿಯುವುದೇ ಇಲ್ಲ, ಮುಳ್ಳು ಸ್ವಲ್ಪ ಇಳಿಯುವುದು ಸಹಜ. ಕೆಳಗೆ ಸಮತಟ್ಟಿಗೆ ಬಂದ ಮೇಲೆ ಮತ್ತೆ ಏರುತ್ತಾ ಅನ್ನುವುದನ್ನು ನೋಡಿ.

ಪ್ರಶ್ನೆ: ನಮ್ಮದು ಬಿಎಸ್6 ಟಿಪ್ಪರ್. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಪದೇ ಪದೇ ಬರುತ್ತೆ, ರೀಜೆನ್ (ಆ ಮಸಿಯನ್ನು ಸುಟ್ಟು ಖಾಲಿ ಮಾಡುವುದು) ಪೂರ್ತಿಯಾಗುವುದಿಲ್ಲ. ಸ್ಕ್ಯಾನರ್ ಹಾಕಿದರೆ ಪಿ0128 ಕೋಡ್ ಬಂತು. ಡಿಪಿಎಫ್ ಬದಲಿಸಬೇಕು ಅಂತಿದ್ದಾರೆ. ಹೌದಾ?
— ಓದುಗರು, ಬಳ್ಳಾರಿ

ಉತ್ತರ: ಈಗಲೇ ಬದಲಿಸಬೇಡಿ. ಅಷ್ಟು ದುಡ್ಡು ಸುರಿಯುವ ಮೊದಲು ಆ ಕೋಡ್ ಏನು ಹೇಳುತ್ತಿದೆ ಕೇಳಿ. ಇಂಜಿನ್ ಇಷ್ಟು ಹೊತ್ತಿಗೆ ಇಷ್ಟು ಬಿಸಿಯಾಗಬೇಕಿತ್ತು, ಆಗಲಿಲ್ಲ ಅಂತ ಅದರ ಅರ್ಥ. ಇಂಜಿನ್ ಸಾಕಷ್ಟು ಬಿಸಿಯಾಗದೆ ಕಂಪ್ಯೂಟರ್ ರೀಜೆನ್ನಿಗೆ ಒಪ್ಪುವುದಿಲ್ಲ, ಮಸಿ ತುಂಬುತ್ತಲೇ ಹೋಗುತ್ತೆ. ಹಾಗಾಗಿ ಡಿಪಿಎಫ್ ಇಲ್ಲಿ ಪೆಟ್ಟು ತಿಂದದ್ದು, ಪೆಟ್ಟು ಕೊಟ್ಟದ್ದು ಬಹುಶಃ ಥರ್ಮೋಸ್ಟಾಟ್.

ಸೆನ್ಸರ್ ಪರೀಕ್ಷೆಗೆ ಒಂದು ಒಳ್ಳೆಯ ದಾರಿ ಇದೆ. ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡದೆ, ಕೀ ಮಾತ್ರ ಆನ್ ಮಾಡಿ ಸ್ಕ್ಯಾನರಿನಲ್ಲಿ ಕೂಲೆಂಟ್ ಬಿಸಿ, ಒಳಬರುವ ಗಾಳಿಯ ಬಿಸಿ ಎರಡನ್ನೂ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಕೂಲೆಂಟ್ ಮಾತ್ರ ತೀರಾ ಬೇರೆ ತೋರಿಸಿದರೆ ಸೆನ್ಸರ್ ಅಥವಾ ಅದರ ವೈರಿಂಗ್ ಕೆಟ್ಟಿದೆ. ಒಂದೇ ಇದ್ದರೆ ಗಾಡಿ ಓಡಿಸುತ್ತಾ ನೋಡಿ, 80 ದಾಟದೆ ಒದ್ದಾಡಿದರೆ ಥರ್ಮೋಸ್ಟಾಟ್ ಬದಲಿಸಿ, ಆಮೇಲೆ ನಿಲ್ಲಿಸಿಕೊಂಡು ರೀಜೆನ್ ಮಾಡಿಸಿ. ಲೋಡಿಂಗ್ ಜಾಗದಲ್ಲಿ ಗಂಟೆಗಟ್ಟಲೆ ಇಂಜಿನ್ ಚಾಲೂ ಇಟ್ಟು ಕಾಯುವುದನ್ನೂ ಬಿಡಿಸಿ. ಐಡ್ಲಿಂಗಿನಲ್ಲಿ ಇಂಜಿನ್ನೂ ಸೈಲೆನ್ಸರೂ ಎರಡೂ ತಣ್ಣಗಾಗುತ್ತವೆ, ಹೊಗೆ ಶುದ್ಧವಾಗಲು ಯೂರಿಯಾ ಸಿಂಪಡಿಸುವ ಜಾಗದಲ್ಲಿ ಬಿಳಿ ಹರಳು ಕಟ್ಟುವುದೂ ಇದರಿಂದಲೇ ಜಾಸ್ತಿ.

ಪ್ರಶ್ನೆ: ನಮ್ಮ ಕಡೆ ಬೇಸಿಗೆ ಜೋರು. 82ರ ಬದಲು 71 ಡಿಗ್ರಿಯ ವಾಲ್ವ್ ಹಾಕಿದರೆ ಗಾಡಿ ಕುದಿಯಲ್ಲ ಅಲ್ವಾ?
— ಓದುಗರು, ರಾಯಚೂರು

ಉತ್ತರ: ಕುದಿಯುವುದನ್ನು ಅದು ತಡೆಯುವುದಿಲ್ಲ. ಇಂಜಿನ್ ಕನಿಷ್ಠ ಎಷ್ಟು ಬಿಸಿ ಇರಬೇಕು ಅನ್ನುವುದನ್ನಷ್ಟೇ ವಾಲ್ವ್ ಹಿಡಿದಿಡುತ್ತೆ. ಅದು ಪೂರ್ತಿ ತೆರೆದ ಮೇಲೆ ಉಳಿದದ್ದೆಲ್ಲ ರೇಡಿಯೇಟರ್, ಫ್ಯಾನ್, ವಾಟರ್ ಪಂಪ್ ಕೆಲಸ. ಬೇಸಿಗೆಯಲ್ಲಿ ಕುದಿಯುತ್ತಿದ್ದರೆ ರೇಡಿಯೇಟರಿನ ಸಂದಿಯ ಧೂಳು, ಹುಳ ತೊಳೆಯಿರಿ, ಬೆಲ್ಟ್ ಬಿಗಿ ನೋಡಿ, ಮುಚ್ಚಳದ ರಬ್ಬರ್ ನೋಡಿ. ವಾಲ್ವ್ ಮಾತ್ರ ಕಂಪನಿ ಹೇಳಿದ ಡಿಗ್ರಿಯದ್ದೇ ಇರಲಿ.