ವೇಗ ತಗ್ಗಿದ ಗಿಡುಗದ ತೂಕ ಇಳಿಸುವ ಮುನ್ನ

ಸೋದರರೇ, ಯುಎಇಯ ಅಲ್ ಐನ್‌ನಲ್ಲಿ ನೀವು ನೋಡಿಕೊಳ್ಳುತ್ತಿರುವ ಗೈರ್-ಶಾಹೀನ್ ಸಂಕರ (ಗೈರ್, ಶಾಹೀನ್ ಎಂಬ ಎರಡು ಗಿಡುಗ ಜಾತಿಗಳ ಮಿಶ್ರತಳಿ) ಹೆಣ್ಣು ಗಿಡುಗ 400 ಮೀಟರಿನ ತಲ್ವಾ (ಹಕ್ಕಿಯನ್ನು ಕರೆಯಲು ಬೀಸುವ ಗರಿಗಳ ಆಮಿಷ) ಹಾರಾಟದ ಕೊನೆಗೆ ಬಳಲುತ್ತಿದೆ, ಅರ್ಬಾಬ್ (ಮಾಲೀಕರು) ತೂಕ ಇಳಿಸಲು ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಈಗ ಇಳಿಸಬೇಡಿ. ತೂಕ ಇಳಿಸುವುದು ಹಸಿವು ಹೆಚ್ಚಿಸಲು; ಆದರೆ ಹಸಿವಿಲ್ಲದ ಹಕ್ಕಿ ತಲ್ವಾ ಕಡೆಗೆ ಹೊರಡಲೇ ಉದಾಸೀನ ತೋರುತ್ತದೆ. ನಿಮ್ಮದು ಜೋರಾಗಿ ಹೊರಟು ಕೊನೆಯಲ್ಲಿ ಸೋಲುತ್ತಿದೆ. ಅದು ದಣಿವು, ಇಲ್ಲವೇ ರೋಗದ ಮೊದಲ ಸುಳಿವು. ದಣಿದ ಹಕ್ಕಿಯ ಊಟ ಕಡಿತ ಮಾಡಿದರೆ ಅದು ಎದೆಯ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ.

ಮೊದಲು ಎದೆಮೂಳೆಯ ಎರಡೂ ಬದಿ ಬೆರಳಾಡಿಸಿ ನೋಡಿ. ಮೂಳೆ ಚೂಪಾಗಿ ಎದ್ದಿದ್ದರೆ ತಕ್ಕಡಿ ಏನೇ ಹೇಳಲಿ, ಹಕ್ಕಿ ಈಗಾಗಲೇ ಸೊರಗಿದೆ.

ಆಮೇಲೆ ಉಸಿರು. ಹಾರಿ ಬಂದ ಗಿಡುಗ ಕೊಕ್ಕು ತೆರೆದು ಏದುಸಿರು ಬಿಡುವುದು ಸಹಜ. ಹಕ್ಕಿಗೆ ಬೆವರಿಲ್ಲ, ಮೈಯ ಬಿಸಿ ಹೊರಹೋಗುವ ಮುಖ್ಯ ದಾರಿಗಳಲ್ಲಿ ಉಸಿರೂ ಒಂದು. ಆದರೆ ಕೊಕ್ಕು ಮುಚ್ಚಿದ ಮೇಲೂ ಪ್ರತಿ ಉಸಿರಿಗೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಎಚ್ಚರವಾಗಿ. ಉಸಿರು ತಹಬಂದಿಗೆ ಬರಲು ಎಷ್ಟು ಹೊತ್ತಾಯಿತು ಎಂದು ಮೊಬೈಲ್ ನೋಡಿ, ತೂಕದ ಪಕ್ಕದಲ್ಲೇ ದಿನವೂ ಬರೆಯಿರಿ. ಆ ಹೊತ್ತು ದಿನದಿಂದ ದಿನಕ್ಕೆ ಹಿಗ್ಗುತ್ತಿದ್ದರೆ, ನನ್ನ ಪ್ರಕಾರ ತೊಂದರೆಗೆ ಅದಕ್ಕಿಂತ ನಂಬಬಹುದಾದ ಗುರುತಿಲ್ಲ. ಗೈರ್ ರಕ್ತದ ಹಕ್ಕಿಗಳಿಗೆ ಶ್ವಾಸಕೋಶ ಮತ್ತು ಗಾಳಿಚೀಲದ ಶಿಲೀಂಧ್ರ ರೋಗ ಆಸ್ಪರ್ಜಿಲೋಸಿಸ್ ಬೇಗ ತಗಲುತ್ತದೆ. ಅದು ತೋರಿಕೊಳ್ಳುವುದೂ ಹೀಗೆಯೇ: ಕಸುವು ಕಡಿಮೆ, ಉಸಿರು ಮರಳಲು ತಡ, ಕೆಲವೊಮ್ಮೆ ಕೂಗು ಒಡಕಲು.

ಸಂಜೆ ವಕ್ರ್ (ಗಿಡುಗ ಕೂರುವ ಗೂಟ) ಮೇಲೆ ಕೂತಾಗಲೂ ಗಮನಿಸಿ. ಒಂದು ಕಾಲನ್ನು ಗರಿಯೊಳಗೆ ಎತ್ತಿಕೊಂಡು, ಮೈಗರಿ ಕೊಡವಿ ನೇವರಿಸಿಕೊಳ್ಳುವ ಹಕ್ಕಿ ನೆಮ್ಮದಿಯಾಗಿದೆ. ರೆಕ್ಕೆ ಜೋತು, ಗರಿ ಉಬ್ಬಿಸಿಕೊಂಡು, ಹಗಲಲ್ಲೇ ಕಣ್ಣು ಅರೆ ಮುಚ್ಚುವುದು ಒಳ್ಳೆಯದಲ್ಲ. ಹಿಕ್ಕೆಯ ಕಪ್ಪು ಭಾಗ ಹಸಿರಾದರೆ ಹೊಟ್ಟೆ ಖಾಲಿ ಇರಬಹುದು. ಬಿಳಿ ಭಾಗವೇ ಹಸಿರಾದರೆ ಯಕೃತ್ತಿನ ತೊಂದರೆ ಇದ್ದೀತು, ಕಾಯಬೇಡಿ.

ಮೇಲಿನ ಯಾವ ಗುರುತೂ ಗಂಭೀರವಾಗಿಲ್ಲದಿದ್ದರೆ ತಲ್ವಾ ಕೆಲವು ದಿನ ನಿಲ್ಲಿಸಿ, ಸ್ನಾನಕ್ಕೆ ನೀರಿಡಿ, ತೂಕ ಸ್ವಲ್ಪ ಏರಲು ಬಿಡಿ. ಮತ್ತೆ ಶುರುಮಾಡುವಾಗ ನಸುಕಿನಲ್ಲೇ, ಕಡಿಮೆ ದೂರದಿಂದ ಹಾರಿಸಿ. ಏದುಸಿರು ಬಿಡುವಾಗ ಬುರ್ಖಾ (ಕಣ್ಣು ಮುಚ್ಚುವ ತಲೆಟೋಪಿ) ಹಾಕಬೇಡಿ, ನೆರಳಿಗೆ ತಂದು ಕಾಲಿಗೆ ನೀರು ಚಿಮುಕಿಸಿ. ಉಸಿರು ಇಳಿದ ಮೇಲೆ ನೀರಲ್ಲಿ ಅದ್ದಿದ ಕ್ವೇಲ್ ಮಾಂಸವನ್ನು ಸಣ್ಣ ತುಂಡುಗಳಾಗಿ ಕೊಡಿ. ಕನಿಕರದಿಂದ ಕೊರಳ ಚೀಲ ತುಂಬ ತಿನ್ನಿಸುವವರನ್ನು ನೋಡಿದ್ದೇನೆ. ಬಳಲಿ ನೀರಿನಂಶ ಬತ್ತಿದ ಹಕ್ಕಿಯಲ್ಲಿ ಆ ಮಾಂಸ ಕೆಳಗಿಳಿಯದೆ ಅಲ್ಲೇ ಕೊಳೆತು ಹಕ್ಕಿಯ ಜೀವಕ್ಕೇ ಮುಳುವಾಗುತ್ತದೆ. ತೀರಾ ಬಳಲಿದ್ದರೆ ಮೊದಲು ದ್ರವ, ನಂತರವೇ ಆಹಾರ. ದ್ರವವನ್ನು ನಳಿಕೆಯಲ್ಲಿ ಕೊಡುವುದು ಕಲಿತವರ ಕೆಲಸ.

ಊರಲ್ಲಿ ಇಂಥದ್ದನ್ನು ಸಾಕಬಹುದೇ ಎಂದು ಇನ್ನೊಬ್ಬರು ಕೇಳಿದ್ದೀರಿ. ನಮ್ಮ ಗಿಡುಗಗಳನ್ನು ಹಿಡಿಯುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಉಸಿರಿನ ತೊಂದರೆ ಮುಂದುವರಿದರೆ ಅರ್ಬಾಬ್‌ಗೆ ನೀವು ದಿನವೂ ತೂಕ, ಉಸಿರಿನ ಹೊತ್ತು ಬರೆದ ಪುಸ್ತಕದ ಅಂಕಿ ತೋರಿಸಿ, ಬಾಯಿಮಾತಿಗಿಂತ ಅದನ್ನು ಅವರು ಕೇಳುತ್ತಾರೆ. 1999ರಿಂದ ನಡೆಯುತ್ತಿರುವ ಅಬುಧಾಬಿ ಫಾಲ್ಕನ್ ಆಸ್ಪತ್ರೆಯಲ್ಲಿ ಎಂಡೋಸ್ಕೋಪ್ (ಮೈಯೊಳಗೆ ನೋಡುವ ಸಣ್ಣ ಕೊಳವೆ) ಇಳಿಸಿ ಗಾಳಿಚೀಲವನ್ನು ನೋಡುತ್ತಾರೆ. ಅಲ್ಲಿಗೆ ಒಯ್ಯುವ ಬೆಳಿಗ್ಗೆ ಏನೂ ತಿನ್ನಿಸಬೇಡಿ, ಕೊರಳ ಚೀಲ ತುಂಬಿದ್ದರೆ ಅರಿವಳಿಕೆ ಅಪಾಯ. ತಾಜಾ ಹಿಕ್ಕೆಯನ್ನೂ ತೂಕದ ಪುಸ್ತಕವನ್ನೂ ಜೊತೆಗೆ ಒಯ್ಯಿರಿ.