ಕಯಹೋಗಾ ನದಿ ಆಕ್ರನ್ ಬಳಿ ತಿರುಗುವುದೇಕೆ?

ನಮಸ್ಕಾರ. ಅಮೆರಿಕದ ಓಹಾಯೋ ರಾಜ್ಯದ ಕಯಹೋಗಾ ನದಿ ತೆಂಕಣಕ್ಕೆ ಹರಿದು ಮತ್ತೆ ಬಡಗಣಕ್ಕೆ ಏಕೆ ತಿರುಗುತ್ತದೆ, ಅದರಲ್ಲಿ ದೋಣಿ ನಡೆಸಬಹುದೇ ಎಂದು ಕೇಳಿದ್ದೀರಿ. ಈರಿ ಸರೋವರವನ್ನು ತಾನು ಸೇರುವ ಜಾಗದಿಂದ ಸುಮಾರು 30 ಮೈಲಿ ದೂರದ ಜಿಯಾಗಾ ಕೌಂಟಿಯಲ್ಲಿ ಹುಟ್ಟುವ ಈ ನದಿ, ಆಕ್ರನ್ ಸಮೀಪದ ಎತ್ತರದ ಏಣನ್ನು ದಾಟಲಾರದೆ ಇಂಗ್ಲಿಷಿನ 'ಯು' ಅಕ್ಷರದಂತೆ ಹೊರಳಿ, ಒಟ್ಟು 100 ಮೈಲಿಯಷ್ಟು ಸುತ್ತಿ ಕ್ಲೀವ್‌ಲ್ಯಾಂಡಿನಲ್ಲಿ ಅದೇ ಸರೋವರವನ್ನು ಸೇರುತ್ತದೆ. ಆ ಏಣಿನ ಆಚೆ ಬಿದ್ದ ಮಳೆ ಮಾತ್ರ ಓಹಾಯೋ ನದಿಯ ಮೂಲಕ ಮಿಸಿಸಿಪ್ಪಿಯ ಪಾಲಾಗುತ್ತದೆ.

ಮೇಲ್ಭಾಗದ ರಾಕ್‌ವೆಲ್ ಜಲಾಶಯ ಆಕ್ರನ್ ನಗರಕ್ಕೆ ಕುಡಿಯುವ ನೀರು ಕೊಡುತ್ತದೆ. ನಡುವಿನ ಕಣಿವೆ ರಾಷ್ಟ್ರೀಯ ಉದ್ಯಾನವಾಗಿದೆ. 1969ರ ಜೂನ್‌ನಲ್ಲಿ ಎಣ್ಣೆ ಹತ್ತಿದ ಕಸಕ್ಕೆ ಬೆಂಕಿ ತಗುಲಿ ಉರಿದ ನದಿಯೂ ಇದೇ, ಆದರೆ ಇಂದು ಅಲ್ಲಿ ಮೀನುಗಳು ಮರಳಿವೆ.

ದೋಣಿಗೆ ನನ್ನ ಆಯ್ಕೆ ಕಣಿವೆಯ ಭಾಗವೇ, ಅದೂ ಜೋರು ಮಳೆಯಾಗಿ ಕೆಲವು ದಿನ ಕಳೆದ ಮೇಲೆ. ಕ್ಲೀವ್‌ಲ್ಯಾಂಡಿನ ಕೆಳಭಾಗದಲ್ಲಿ ಉಕ್ಕಿನ ಕಾರ್ಖಾನೆಗೆ ಅದಿರು ಹೊತ್ತ 600 ಅಡಿ ಉದ್ದದ ಹಡಗುಗಳು ಇಕ್ಕಟ್ಟಾದ ತಿರುವುಗಳಲ್ಲಿ ದಡಕ್ಕೆ ತಾಗುವಂತೆ ನಿಧಾನವಾಗಿ ಹೊರಳುತ್ತವೆ. ಅವು ಕಂಡೊಡನೆ ಪುಟ್ಟ ದೋಣಿಯವರು ಪಕ್ಕಕ್ಕೆ ಸರಿಯಲೇಬೇಕು.