ಬರೀ ಸನ್ಯಾಸಿನಿ, ಬರೀ ಶಿಕ್ಷಕಿಯೇ?

ಪತ್ರ: ಹಳೆಯ ಚಲನಚಿತ್ರಗಳ ಕುರಿತ ನಿಮ್ಮ ಲೇಖನದಲ್ಲಿ ನಟಿ ಡೆಬೊರಾ ಕಾರ್ ಅವರನ್ನು ಅಗತ್ಯಕ್ಕಿಂತ ಹೆಚ್ಚು ಹೊಗಳಿದ್ದೀರಿ. ಸನ್ಯಾಸಿನಿ, ಶಿಕ್ಷಕಿ ಬಿಟ್ಟರೆ ಆಕೆ ಮಾಡಿದ್ದಾದರೂ ಏನು? ಆರು ಸಲ ಆಸ್ಕರ್ ಕೈತಪ್ಪಿದ್ದಕ್ಕೆ ಇದೇ ಕಾರಣವಲ್ಲವೇ? ಹಿಮಾಲಯದ ಮಠವೊಂದರ ಕತೆಯಿರುವ ಆಕೆಯ ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರ ಡಾರ್ಜಿಲಿಂಗ್‌ನಲ್ಲಿ ತೆಗೆದದ್ದು ಎಂದು ಕೇಳಿದ್ದೇನೆ, ನಿಜವೇ?
— ಓದುಗರು, ಶಿವಮೊಗ್ಗ

ಸಂಪಾದಕರ ಉತ್ತರ: ಮಾನ್ಯರೇ, ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ಡಾರ್ಜಿಲಿಂಗ್ ಅಲ್ಲ. 1947ರಲ್ಲಿ ತೆರೆಕಂಡ ಆ ಚಿತ್ರದ ಹಿಮಾಲಯ ಎದ್ದದ್ದು ಲಂಡನ್ ಸಮೀಪದ ಪೈನ್‌ವುಡ್ ಸ್ಟುಡಿಯೋದಲ್ಲಿ. ಪ್ರಪಾತಗಳೆಲ್ಲ ಚಿತ್ರಕಾರರ ಕೈಚಳಕ. ಛಾಯಾಗ್ರಾಹಕ ಜ್ಯಾಕ್ ಕಾರ್ಡಿಫ್, ಕಲಾ ನಿರ್ದೇಶಕ ಆಲ್ಫ್ರೆಡ್ ಯುಂಗೆ ಇಬ್ಬರಿಗೂ ಆಸ್ಕರ್ ಬಂತು. ಅದರಲ್ಲಿ ಅತ್ತರು ಪೂಸಿಕೊಂಡು ಬರುವ ಯುವ ಜನರಲ್ ಮಾತ್ರ ನಮ್ಮವನೇ: ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಸಾಬು.

ಇನ್ನು ನಿಮ್ಮ ಮುಖ್ಯ ಆಕ್ಷೇಪ. ಸನ್ಯಾಸಿನಿ ಪಾತ್ರಗಳು ನಿಜ, ಆದರೆ ಒಬ್ಬಳು ಇನ್ನೊಬ್ಬಳಂತಿಲ್ಲ. ‘ಬ್ಲ್ಯಾಕ್ ನಾರ್ಸಿಸಸ್’ನ ಸಿಸ್ಟರ್ ಕ್ಲೋಡಾ ಮಠದ ಹಿರಿಯಳು, ಹಮ್ಮಿನ ಹೆಣ್ಣು. ಬಿಳಿ ಮುಸುಕಿನೊಳಗೆ ನಟಿಗೆ ಉಳಿಯುವುದು ಹಣೆಯಿಂದ ಗಲ್ಲದವರೆಗಿನ ಮುಖವಷ್ಟೇ, ಕೂದಲಿಲ್ಲ, ಕೊರಳಿಲ್ಲ. ಪ್ರಾರ್ಥನೆಗೆ ಕುಳಿತಾಗ ಐರ್ಲೆಂಡಿನ ಹಳೆಯ ಪ್ರೇಮ ನೆನಪಾಗಿ ಆ ಮುಖ ಸಡಿಲಗೊಳ್ಳುವುದನ್ನು ಗಮನಿಸಿ. ಮುಂದೆ, ಮಠ ಬಿಡಲು ಹೊರಟ ಸಿಸ್ಟರ್ ರೂತ್ ಕೆಂಪು ಉಡುಪು ತೊಟ್ಟು, ಎದುರಿಗೇ ಕುಳಿತು ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಾಳೆ. ಕ್ಲೋಡಾ ಬೈಬಲ್ ತೆರೆದು ಕೂರುತ್ತಾಳೆ. ನಡುವೆ ಮೇಣದಬತ್ತಿ ಕರಗುತ್ತಿದೆ. ಕೂಗಾಡುವ ರೂತ್ ಪಾತ್ರ ಕ್ಯಾಥ್ಲೀನ್ ಬೈರನ್ ಅವರದು, ಅವರು ಅದ್ಭುತವೂ ಹೌದು. ಆದರೆ ಭಯ ನಮಗೆ ದಾಟುವುದು ಅಲುಗಾಡದೆ ಕುಳಿತ ಡೆಬೊರಾ ಮೂಲಕ. ಹತ್ತು ವರ್ಷದ ನಂತರ, ಜಾನ್ ಹ್ಯೂಸ್ಟನ್ ಚಿತ್ರದಲ್ಲಿ, ಯುದ್ಧಕಾಲದ ದ್ವೀಪವೊಂದರಲ್ಲಿ ರಾಬರ್ಟ್ ಮಿಚಮ್ ಜೊತೆ ಸಿಕ್ಕಿಬಿದ್ದ ಸಿಸ್ಟರ್ ಆಂಜೆಲಾ ಎಷ್ಟು ತಮಾಷೆಯವಳು, ಎಷ್ಟು ಗಟ್ಟಿಗಿತ್ತಿ!

ಗ್ಲಾಸ್ಗೊದಲ್ಲಿ 1921ರಲ್ಲಿ ಹುಟ್ಟಿ, ಬ್ಯಾಲೆ ಕಲಿತು ರಂಗಕ್ಕೆ ಬಂದವರು ಡೆಬೊರಾ. ‘ಕರ್ನಲ್ ಬ್ಲಿಂಪ್’ (1943) ಚಿತ್ರದಲ್ಲಿ ಮೂರು ಕಾಲದ ಮೂವರು ಹೆಂಗಸರಾದಾಗ ಇಪ್ಪತ್ತರ ಆಸುಪಾಸಿನ ಹುಡುಗಿ. ನಾಯಕ ನಲವತ್ತು ವರ್ಷ ಮುದುಕನಾಗುತ್ತ ಹೋಗುತ್ತಾನೆ, ಅವನು ಕಳೆದುಕೊಂಡ ಮುಖ ಮಾತ್ರ ಮತ್ತೆ ಮತ್ತೆ ಯೌವನದಲ್ಲೇ ಎದುರಾಗುತ್ತದೆ. ಆಮೇಲೆ ಹಾಲಿವುಡ್ ಕರೆಯಿತು; ಹಲವು ವರ್ಷ ಅಲಂಕಾರದ ಗೊಂಬೆಯಾಗಿ ನಿಲ್ಲಿಸಿತು. ಆ ಚಿತ್ರಗಳ ಬಗ್ಗೆಯಾದರೆ ನಿಮ್ಮ ದೂರನ್ನು ಒಪ್ಪುತ್ತೇನೆ. ‘ಫ್ರಂ ಹಿಯರ್ ಟು ಎಟರ್ನಿಟಿ’ (1953) ಆ ಚೌಕಟ್ಟನ್ನು ಒಡೆಯಿತು. ಹವಾಯಿಯ ಕಡಲತೀರದಲ್ಲಿ ಬರ್ಟ್ ಲ್ಯಾಂಕಾಸ್ಟರ್ ತೋಳಿನಲ್ಲಿರುವ ದೃಶ್ಯ ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ ಬರುವ ಕಹಿ ಜಗಳ ನೆನಪಿರುವವರು ಕಡಿಮೆ.

‘ದ ಕಿಂಗ್ ಅಂಡ್ ಐ’ ಚಿತ್ರದ ಶಿಕ್ಷಕಿ ಜನಪ್ರಿಯಳು. ಅಲ್ಲಿ ಆಕೆಗೆ ಹಾಡಿದ ದನಿ ಮಾರ್ನಿ ನಿಕ್ಸನ್ ಅವರದು. ನಮ್ಮ ಹಿನ್ನೆಲೆ ಗಾಯಕಿಯರಿಗೆ ಸಿಗುವ ಹೆಸರು ಆಗ ಪರದೆಯ ಮೇಲೆ ಅವರಿಗೆ ಸಿಗಲಿಲ್ಲ. ನನ್ನ ಮತ ಮಾತ್ರ ‘ದ ಇನ್ನೊಸೆಂಟ್ಸ್’ (1961) ಚಿತ್ರದ ಶಿಕ್ಷಕಿಗೆ. ಮಕ್ಕಳನ್ನು ದೆವ್ವದಿಂದ ಕಾಪಾಡುತ್ತಿದ್ದಾಳೋ, ಅವಳೇ ಅವರಿಗೆ ಅಪಾಯವೋ? ಹುಡುಗ ಮೈಲ್ಸ್ ಮಲಗುವ ಮುನ್ನ ಕೊಡುವ ಮುತ್ತು ಇರಬೇಕಾದ್ದಕ್ಕಿಂತ ದೀರ್ಘ. ಆ ಬಳಿಕ ಅವಳ ಮುಖದಲ್ಲಿ ಗಾಬರಿಯಿದೆ, ಜೊತೆಗೆ ಹೆಸರಿಡಲಾಗದ ಇನ್ನೇನೋ ಇದೆ. ಎರಡು ಉತ್ತರಗಳೂ ಕೊನೆಯವರೆಗೆ ಜೀವಂತವಾಗಿರುವುದು ಈ ನಟನೆಯ ಬಲದಿಂದ.

ಆಸ್ಕರ್ ಸಂಗತಿ: ಆರೂ ನಾಮನಿರ್ದೇಶನಗಳು 1949ರಿಂದ 1960ರವರೆಗಿನ ಚಿತ್ರಗಳಿಗೆ. ನಾನು ದೀರ್ಘವಾಗಿ ಬರೆದ ‘ಬ್ಲ್ಯಾಕ್ ನಾರ್ಸಿಸಸ್’ ಮತ್ತು ‘ದ ಇನ್ನೊಸೆಂಟ್ಸ್’ ಆ ಪಟ್ಟಿಯಲ್ಲೇ ಇಲ್ಲ! ಕೊನೆಗೆ 1994ರಲ್ಲಿ ಗೌರವ ಆಸ್ಕರ್ ಕೊಟ್ಟರು. ಸೋತ ವರ್ಷಗಳಲ್ಲಿ ಎದುರಿಗಿದ್ದವರು ಆಡ್ರಿ ಹೆಪ್‌ಬರ್ನ್, ಇಂಗ್ರಿಡ್ ಬರ್ಗ್‌ಮನ್ ಅಂಥವರು. ಅದನ್ನು ಏಕತಾನತೆಯ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

‘ದ ಇನ್ನೊಸೆಂಟ್ಸ್’ ನೋಡಿರದಿದ್ದರೆ ದಯವಿಟ್ಟು ಮೊಬೈಲಿನಲ್ಲಿ ನೋಡಬೇಡಿ. ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಅಗಲ ಪರದೆಯ ಅಂಚುಗಳನ್ನು ಬೇಕೆಂದೇ ಕತ್ತಲಾಗಿಸಿದ್ದಾರೆ. ಅಂಗೈಯಗಲದ ಪರದೆಯಲ್ಲಿ ಆ ಕತ್ತಲು ಕಾಣುವುದೇ ಇಲ್ಲ. ನೋಡಿದ ಮೇಲೂ ನಿಮ್ಮ ಅಭಿಪ್ರಾಯ ಬದಲಾಗದಿದ್ದರೆ ಬರೆಯಿರಿ, ಪ್ರಕಟಿಸುತ್ತೇವೆ.